ಆಯಸ್ಸಿನಲ್ಲಿ ವಂಶದ ಪಾಲು ಎಷ್ಟು?

(ಬಾಗಲಕೋಟೆಯ ನವನಗರದಲ್ಲಿ ಹಿರಿಯ ನಾಗರಿಕರು ಹಾಗೂ ವಿಜ್ಞಾನ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

‘ನಮ್ಮ ಮುತ್ತ್ಯಾ ನೂರಾ ಹತ್ತು ವರ್ಷ ಬಾಳಿದ, ನಮ್ಮದು ಗಟ್ಟಿ ವಂಶ’ ಎಂಬ ಮಾತನ್ನು ಬೀಳಗಿಯಿಂದ ಜಮಖಂಡಿಯವರೆಗೆ ಯಾವ ಊರಿಗೆ ಹೋದರೂ ಕೇಳುತ್ತೇವೆ. ಆ ಮಾತಿನ ಹಿಂದಿರುವ ಅಭಿಮಾನ ದೊಡ್ಡದು. ಆದರೆ ಆಯಸ್ಸನ್ನು ಅಧ್ಯಯನ ಮಾಡುವವರು ಮೊದಲು ಕೇಳಬೇಕಾದದ್ದು, ಆ ನೂರಾ ಹತ್ತಕ್ಕೆ ಆಧಾರವೇನು ಎಂಬುದನ್ನು. ಶಾಲೆಯ ದಾಖಲೆಯಂತೆ ಜೂನ್ 1ರಂದು ಹುಟ್ಟಿದವರು ಕೈ ಎತ್ತಿ ಎಂದು ಈಗತಾನೇ ಕೇಳಿದೆ. ಎಷ್ಟು ಕೈಗಳು ಮೇಲೆದ್ದವು ಎಂಬುದನ್ನು ನೀವೇ ನೋಡಿದಿರಿ. ಸಾಲಿಗೆ ಹೆಸರು ಹಚ್ಚುವಾಗ ಮಾಸ್ತರರು ಮಗುವಿನ ಎತ್ತರ ನೋಡಿ ವರ್ಷವನ್ನು ಅಂದಾಜು ಮಾಡಿ, ಶಾಲೆ ಆರಂಭವಾಗುವ ತಿಂಗಳಿನ ಮೊದಲ ದಿನವನ್ನು ಬರೆದುಕೊಂಡರು. ಅದಕ್ಕೂ ಹಿಂದಿನ ತಲೆಮಾರಿಗೆ ಆ ಅಂದಾಜೂ ಇರಲಿಲ್ಲ; ಬರ ಬಿದ್ದ ವರ್ಷ, ಪ್ಲೇಗು ಬಂದ ವರ್ಷ ಎಂಬ ನೆನಪೇ ಅವರ ಜನ್ಮದಾಖಲೆಯಾಗಿತ್ತು.

ಇದು ನಮ್ಮ ಭಾಗಕ್ಕೆ ಮಾತ್ರ ಸೇರಿದ ತೊಡಕು ಎಂದು ಭಾವಿಸಬೇಡಿ. ಶಿಸ್ತಿನ ದಾಖಲೆಗೆ ಹೆಸರಾದ ಜಪಾನಿನಲ್ಲಿ 2010ರಲ್ಲಿ ಕುಟುಂಬ ನೋಂದಣಿಯ ಕಡತಗಳನ್ನು ಪರಿಶೀಲಿಸಿದಾಗ, ನೂರು ದಾಟಿದವರೆಂದು ಕಾಗದದಲ್ಲಿದ್ದ 2 ಲಕ್ಷ 30 ಸಾವಿರಕ್ಕೂ ಹೆಚ್ಚು ಮಂದಿ ಎಲ್ಲಿದ್ದಾರೆಂಬುದೇ ಪತ್ತೆಯಾಗಲಿಲ್ಲ. ಅವರಲ್ಲಿ ಬಹುಪಾಲು ಜನ ತೀರಿಕೊಂಡು ದಶಕಗಳೇ ಕಳೆದಿದ್ದವು. ಅಮೆರಿಕದ ರಾಜ್ಯಗಳಲ್ಲಿ ಜನನ ಪ್ರಮಾಣಪತ್ರ ಜಾರಿಗೆ ಬಂದ ಮೇಲೆ 110 ದಾಟಿದವರ ದಾಖಲೆಗಳು ಶೇಕಡಾ 69ರಿಂದ 82ರಷ್ಟು ಇಳಿದವೆಂದು ಸಾಲ್ ನ್ಯೂಮನ್ ಎಂಬ ಸಂಶೋಧಕ ಲೆಕ್ಕ ಹಾಕಿ ತೋರಿಸಿದ್ದಾರೆ. ಹಾಗಾಗಿ ದಾಖಲೆ ಗಟ್ಟಿಯಾಗಿರುವ ಕಡೆಯ ಅಂಕಿಗಳನ್ನೇ ನಾನು ಇಂದು ಆಧಾರವಾಗಿ ಇಟ್ಟುಕೊಳ್ಳುತ್ತೇನೆ. ಅಂತಹ ದಾಖಲೆಯಿರುವವರಲ್ಲಿ ಅತಿ ಹೆಚ್ಚು ಕಾಲ ಬದುಕಿದವರು ಫ್ರಾನ್ಸಿನ ಆರ್ಲ್ ಪಟ್ಟಣದ ಜಾನ್ ಕಾಲ್ಮಾ; 1875ರಲ್ಲಿ ಹುಟ್ಟಿ 1997ರಲ್ಲಿ ತೀರಿಕೊಂಡಾಗ ಅವರಿಗೆ 122 ವರ್ಷ.

ಈಗ ವಂಶದ ಪ್ರಶ್ನೆಗೆ ಬರೋಣ. ಆಯಸ್ಸಿನಲ್ಲಿ ಜೀನುಗಳ ಪಾಲನ್ನು ಅಳೆಯುವ ಹಳೆಯ ದಾರಿ ಎಂದರೆ ಅವಳಿಗಳ ಅಧ್ಯಯನ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ಜೀನುಗಳು ಹೆಚ್ಚುಕಡಿಮೆ ಪೂರ್ತಿ ಒಂದೇ ಆಗಿರುತ್ತವೆ. ಎರಡು ಅಂಡಗಳಿಂದ ಹುಟ್ಟಿದವರು ಉಳಿದ ಒಡಹುಟ್ಟಿದವರಂತೆ ಸರಾಸರಿ ಅರ್ಧದಷ್ಟನ್ನು ಹಂಚಿಕೊಂಡಿರುತ್ತಾರೆ. ಮೊದಲನೆಯ ಬಗೆಯವರು ಸಾಯುವ ವಯಸ್ಸು ಎರಡನೆಯ ಬಗೆಯವರಿಗಿಂತ ಹೆಚ್ಚು ಹತ್ತಿರದಲ್ಲಿದ್ದರೆ ಆ ಹೆಚ್ಚುವರಿ ಹೊಂದಾಣಿಕೆಗೆ ಜೀನುಗಳು ಕಾರಣವೆಂದು ಹೇಳಬಹುದು. ಡೆನ್ಮಾರ್ಕಿನಲ್ಲಿ 1870ರಿಂದ 1900ರ ನಡುವೆ ಹುಟ್ಟಿದ 2,872 ಅವಳಿ ಜೋಡಿಗಳ ಮೇಲೆ ಈ ಲೆಕ್ಕ ನಡೆಯಿತು. 1996ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆಯಸ್ಸಿನ ಅನುವಂಶೀಯತೆ ಗಂಡಸರಲ್ಲಿ ಶೇಕಡಾ 26, ಹೆಂಗಸರಲ್ಲಿ ಶೇಕಡಾ 23.

ಈ ಅಂಕಿಯನ್ನು ಬಹಳ ಮಂದಿ ತಪ್ಪಾಗಿ ಓದುತ್ತಾರೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಶೇಕಡಾ 25 ಎಂದರೆ ನಿಮ್ಮ 80 ವರ್ಷಗಳಲ್ಲಿ 20 ವರ್ಷ ತಂದೆತಾಯಿ ಕೊಟ್ಟದ್ದು, ಉಳಿದ 60 ನೀವು ಗಳಿಸಿದ್ದು ಎಂದು ಅರ್ಥವಾಗುವುದಿಲ್ಲ. ಒಂದು ಜನಸಮುದಾಯದಲ್ಲಿ ಒಬ್ಬರು 60ಕ್ಕೆ, ಇನ್ನೊಬ್ಬರು 75ಕ್ಕೆ, ಮತ್ತೊಬ್ಬರು 90ಕ್ಕೆ ತೀರಿಕೊಳ್ಳುತ್ತಾರೆ. ಜನರ ನಡುವಿನ ಈ ಅಂತರದಲ್ಲಿ ಎಷ್ಟು ಭಾಗವನ್ನು ಅವರ ಜೀನುಗಳ ವ್ಯತ್ಯಾಸದಿಂದ ವಿವರಿಸಬಹುದು ಎಂಬುದಷ್ಟೇ ಆ ಅಂಕಿ ಹೇಳುವ ಸಂಗತಿ. ಅದು ಒಬ್ಬ ವ್ಯಕ್ತಿಯ ಬಗ್ಗೆ ಏನನ್ನೂ ಹೇಳುವುದಿಲ್ಲ, ಮತ್ತು ಜನಸಮುದಾಯ ಬದಲಾದರೆ ಅಂಕಿಯೂ ಬದಲಾಗುತ್ತದೆ. ಕಾಲರಾ, ಅಪಘಾತ, ಹೆರಿಗೆಯ ತೊಂದರೆಗಳಿಂದ ಜನ ಸಾಯುತ್ತಿರುವ ಕಡೆ ಜೀನುಗಳ ಪಾಲು ಚಿಕ್ಕದಾಗಿ ಕಾಣುತ್ತದೆ. ಅಂತಹ ಹೊರಗಿನ ಸಾವುಗಳು ಕಡಿಮೆಯಾದಷ್ಟೂ ಉಳಿದ ಅಂತರದಲ್ಲಿ ಜೀನುಗಳ ಪಾಲು ದೊಡ್ಡದಾಗುತ್ತ ಹೋಗುತ್ತದೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಸಂಶೋಧಕರು ಈಚೆಗೆ ಹೊರಗಿನ ಕಾರಣಗಳಿಂದಾದ ಸಾವುಗಳನ್ನು ಲೆಕ್ಕದಿಂದ ತೆಗೆದು ನೋಡಿ, ದೇಹದೊಳಗಿನ ಮುಪ್ಪಿಗಷ್ಟೇ ಸಂಬಂಧಿಸಿದ ಆಯಸ್ಸಿನಲ್ಲಿ ಜೀನುಗಳ ಪಾಲು ಸುಮಾರು ಅರ್ಧದಷ್ಟಿದೆ ಎಂದಿದ್ದಾರೆ. ಹಳೆಯ ಶೇಕಡಾ 25 ಮತ್ತು ಹೊಸ ಶೇಕಡಾ 50 ಒಂದಕ್ಕೊಂದು ವಿರುದ್ಧವಾದ ಅಂಕಿಗಳಲ್ಲ. ಯಾವ ಸಾವನ್ನು ಎಣಿಸಿದೆವು, ಯಾವುದನ್ನು ಬಿಟ್ಟೆವು ಎಂಬುದರ ಮೇಲೆ ಉತ್ತರ ನಿಂತಿದೆ.

ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತೀಯರ ಸರಾಸರಿ ಜೀವಿತಾವಧಿ ಸುಮಾರು 32 ವರ್ಷ ಇತ್ತು. ಈಗ ಅದು ಸುಮಾರು 70. ಈ ಮೂರು-ನಾಲ್ಕು ತಲೆಮಾರುಗಳಲ್ಲಿ ನಮ್ಮ ಜೀನುಗಳು ಹೇಳಿಕೊಳ್ಳುವಷ್ಟು ಬದಲಾಗಿಲ್ಲ. ಲಸಿಕೆ, ಶುದ್ಧ ನೀರು, ಹೆರಿಗೆ ಆಸ್ಪತ್ರೆ, ಪ್ರತಿಜೀವಕ ಔಷಧ, ಹೊಟ್ಟೆ ತುಂಬ ಅನ್ನ: ಬದಲಾದದ್ದು ಇವು.

ಅಮೆರಿಕದ ಇನ್ನೊಂದು ಅಧ್ಯಯನ ನಮ್ಮ ಭಾಗದವರಿಗೆ ವಿಶೇಷವಾಗಿ ಹೊಂದುತ್ತದೆ. 40 ಕೋಟಿಗೂ ಹೆಚ್ಚು ಜನರ ವಂಶವೃಕ್ಷಗಳನ್ನು ಬಳಸಿಕೊಂಡು 2018ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ, ರಕ್ತಸಂಬಂಧವೇ ಇಲ್ಲದ ನೆಂಟರ ಆಯಸ್ಸಿನಲ್ಲಿಯೂ ಹೋಲಿಕೆ ಕಂಡುಬಂತು. ಗಂಡ ಹೆಂಡತಿಯರು ಒಂದೇ ಮನೆಯಲ್ಲಿ ಬಾಳುವುದರಿಂದ ಅವರ ನಡುವೆ ಹೋಲಿಕೆ ಇರುವುದು ಸಹಜ. ಆದರೆ ಭಾವ, ಮೈದುನ, ನಾದಿನಿಯರ ಆಯಸ್ಸು ಹೋಲುವುದೇಕೆ? ಸಂಬಂಧ ಬೆಳೆಸುವಾಗ ನಾವು ನಮ್ಮಂತಹವರನ್ನೇ ಹುಡುಕುತ್ತೇವೆ. ಆಸ್ತಿ, ಓದು, ಊಟದ ಪದ್ಧತಿ, ಕುಡಿತದ ಚಟ ಇದೆಯೋ ಇಲ್ಲವೋ ಎಂಬುದನ್ನು ವಿಚಾರಿಸಿಯೇ ಬೀಗತನ ಮಾಡುತ್ತೇವೆ. ಹೀಗೆ ಸಮಾನರು ಸಮಾನರನ್ನೇ ಕೂಡಿಕೊಳ್ಳುವುದರಿಂದ ಬಂದ ಹೋಲಿಕೆಯನ್ನು ಕಳೆದಾಗ, ಶುದ್ಧ ಅನುವಂಶೀಯತೆ ಶೇಕಡಾ 10ಕ್ಕಿಂತ ಕಡಿಮೆ ಉಳಿಯಿತು. ‘ಅವರ ಮನೆತನದಲ್ಲಿ ಎಲ್ಲರೂ ದೀರ್ಘಾಯುಷಿಗಳು’ ಎಂದು ನಾವು ಹೇಳುವಾಗ, ಮನೆತನದ ರಕ್ತದ ಜೊತೆಗೆ ಆ ಮನೆತನದ ಹೊಲ, ಬಾವಿ, ಅಡುಗೆಮನೆಗಳೂ ಸೇರಿಕೊಂಡಿರುತ್ತವೆ.

ನಮ್ಮಲ್ಲಿ ಇದರ ಮೇಲೆ ಇನ್ನೊಂದು ತೊಡಕಿದೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿ ನಮ್ಮ ಜಿಲ್ಲೆಗಳಲ್ಲಿ ಇನ್ನೂ ಉಳಿದಿದೆ. ಆಯಸ್ಸಿನ ವಿಷಯದಿಂದ ಸ್ವಲ್ಪ ಪಕ್ಕಕ್ಕೆ ಹೋದರೂ ಈ ಮಾತನ್ನು ಹೇಳದೆ ಇರಲಾರೆ, ಏಕೆಂದರೆ ಮೊಮ್ಮಕ್ಕಳ ಮದುವೆಯನ್ನು ನಿಶ್ಚಯಿಸುವವರು ಇಲ್ಲಿ ಮುಂದಿನ ಸಾಲಿನಲ್ಲಿಯೇ ಕುಳಿತಿದ್ದೀರಿ. ಸೋದರಮಾವ ಮತ್ತು ಸೊಸೆ ತಮ್ಮ ಜೀನುಗಳಲ್ಲಿ ಸರಾಸರಿ ನಾಲ್ಕನೆಯ ಒಂದು ಭಾಗವನ್ನು ಹಂಚಿಕೊಂಡಿರುತ್ತಾರೆ. ಇಬ್ಬರಲ್ಲೂ ಅಡಗಿರುವ ಒಂದೇ ದೋಷ ಮಗುವಿನಲ್ಲಿ ಎರಡೂ ಕಡೆಯಿಂದ ಬಂದು ಕೂಡಿದರೆ ಹುಟ್ಟು ಕಿವುಡುತನ, ಥಲಸ್ಸೇಮಿಯಾದಂತಹ ರಕ್ತದ ಕಾಯಿಲೆ, ಇನ್ನೂ ಅನೇಕ ಅಪರೂಪದ ರೋಗಗಳು ಕಾಣಿಸಿಕೊಳ್ಳುತ್ತವೆ. ದೀರ್ಘಾಯುಸ್ಸಿನ ವಿಷಯವನ್ನು ಮಾತನಾಡುವಾಗ ಆಯಸ್ಸಿನ ಮೊದಲ ವರ್ಷಗಳಲ್ಲಿಯೇ ನಾವು ಕಳೆದುಕೊಳ್ಳುವ ಈ ಮಕ್ಕಳನ್ನು ಮರೆಯಬಾರದು.

ಹಾಗಾದರೆ ನೂರು ದಾಟುವವರಲ್ಲಿ ಜೀನುಗಳ ಪಾತ್ರವಿಲ್ಲವೇ? ಇದೆ, ಮತ್ತು ಅಲ್ಲಿ ಅದು ಬಲವಾಗಿಯೇ ಇದೆ. ಡೆನ್ಮಾರ್ಕ್, ಫಿನ್‌ಲ್ಯಾಂಡ್, ಸ್ವೀಡನ್ ದೇಶಗಳ ಅವಳಿಗಳನ್ನು ಒಟ್ಟುಗೂಡಿಸಿ ನೋಡಿದಾಗ, 60ರವರೆಗಿನ ಬದುಕಿನಲ್ಲಿ ಜೀನುಗಳ ಪ್ರಭಾವ ಅತ್ಯಲ್ಪವಾಗಿಯೂ ಅಲ್ಲಿಂದ ಮುಂದೆ ಏರುತ್ತ ಹೋಗುವಂತೆಯೂ ಕಂಡಿತು. ನೂರು ವರ್ಷ ತಲುಪಿದವರ ಒಡಹುಟ್ಟಿದವರನ್ನು ಅಮೆರಿಕದ ನ್ಯೂ ಇಂಗ್ಲೆಂಡ್ ಅಧ್ಯಯನ ಹಿಂಬಾಲಿಸಿತು. ಅದೇ ಕಾಲದಲ್ಲಿ ಹುಟ್ಟಿದ ಇತರರಿಗೆ ಹೋಲಿಸಿದರೆ ಅವರ ಸೋದರರು ನೂರನ್ನು ತಲುಪುವ ಸಾಧ್ಯತೆ ಕನಿಷ್ಠ 17 ಪಟ್ಟು, ಸೋದರಿಯರು ತಲುಪುವ ಸಾಧ್ಯತೆ 8 ಪಟ್ಟು ಹೆಚ್ಚಾಗಿತ್ತು. ನ್ಯೂಯಾರ್ಕಿನಲ್ಲಿ ನೀರ್ ಬರ್ಜಿಲಾಯ್ ಅವರ ತಂಡ 95 ದಾಟಿದ 477 ಯಹೂದಿ ಹಿರಿಯರ ನಡುವಯಸ್ಸಿನ ಅಭ್ಯಾಸಗಳನ್ನು ಕೇಳಿ ತಿಳಿದು, ಅದೇ ಕಾಲದ ಸಾಮಾನ್ಯ ಜನರೊಡನೆ ಹೋಲಿಸಿತು. ತೂಕ, ಸಿಗರೇಟು, ಕುಡಿತ, ವ್ಯಾಯಾಮ ಯಾವುದರಲ್ಲೂ ಈ ಹಿರಿಯರು ಇತರರಿಗಿಂತ ಶಿಸ್ತಿನವರಾಗಿರಲಿಲ್ಲ. ಇದನ್ನು ಕೇಳಿ ಕೆಲವರ ಮುಖದಲ್ಲಿ ಸಮಾಧಾನ ಕಾಣುತ್ತಿದೆ, ದಯವಿಟ್ಟು ಆತುರಪಡಬೇಡಿ. ಅವರು ಚಟಗಳಿದ್ದೂ ಬದುಕಿ ಉಳಿದವರು. ಅದೇ ಚಟಗಳಿದ್ದು ರಕ್ಷಣೆ ಕೊಡುವ ಜೀನುಗಳಿಲ್ಲದವರು 60, 70ಕ್ಕೇ ಹೋಗಿಬಿಟ್ಟದ್ದರಿಂದ ಆ ಸಂದರ್ಶನಕ್ಕೆ ಸಿಕ್ಕಲೇ ಇಲ್ಲ. ನೂರರ ಮನೆಗೆ ಹೋಗುವ ಟಿಕೀಟು ತಮ್ಮ ಕಿಸೆಯಲ್ಲಿ ಇದೆಯೋ ಇಲ್ಲವೋ ಎಂಬುದು ಯಾರಿಗೂ ಮುಂಚಿತವಾಗಿ ತಿಳಿಯುವುದಿಲ್ಲ.

ಯಾವ ಜೀನುಗಳು ಇವು? ಎಷ್ಟೋ ಜೀನುಗಳ ಹೆಸರು ಬಂದು ಹೋಗಿವೆ. ಬೇರೆ ಬೇರೆ ಅಧ್ಯಯನಗಳಲ್ಲಿ ಮತ್ತೆ ಮತ್ತೆ ನಿಂತವು ಬಹಳ ಕಡಿಮೆ. 19ನೆಯ ವರ್ಣತಂತುವಿನ ಮೇಲಿರುವ ಎಪಿಒಇ ಅವುಗಳಲ್ಲಿ ಮುಖ್ಯವಾದದ್ದು. ರಕ್ತದಲ್ಲಿ ಕೊಬ್ಬನ್ನು ಸಾಗಿಸುವ ಪ್ರೋಟೀನನ್ನು ರೂಪಿಸುವ ಈ ಜೀನಿಗೆ 2, 3, 4 ಎಂಬ ಸಂಖ್ಯೆಗಳಿಂದ ಗುರುತಿಸುವ ಮೂರು ಸಾಮಾನ್ಯ ರೂಪಗಳಿವೆ. ನಾಲ್ಕನೆಯ ಸಂಖ್ಯೆಯ ರೂಪ ಆಲ್ಝೈಮರ್ ಮರೆವಿನ ಕಾಯಿಲೆಯ ಮತ್ತು ಹೃದ್ರೋಗದ ಅಪಾಯವನ್ನು ಹೆಚ್ಚಿಸುತ್ತದೆ, ಆದ್ದರಿಂದ ಶತಾಯುಷಿಗಳಲ್ಲಿ ವಿರಳ. ಎರಡನೆಯ ಸಂಖ್ಯೆಯ ರೂಪ ಅವರಲ್ಲಿ ಹೆಚ್ಚು. ಇನ್ನೊಂದು ಫಾಕ್ಸೋ-3. 1993ರಲ್ಲಿ ಸಿಂಥಿಯಾ ಕೆನ್ಯನ್ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಒಂದೇ ಒಂದು ಜೀನನ್ನು ದುರ್ಬಲಗೊಳಿಸಿದಾಗ ಅದರ ಆಯಸ್ಸು ಎರಡು ಪಟ್ಟಾಯಿತು. ಇನ್ಸುಲಿನ್‌ನಂತಹ ಸಂಕೇತಗಳನ್ನು ಗ್ರಹಿಸುವ ಆ ಜೀನಿನ ಕೆಳಗೆ ಕೆಲಸ ಮಾಡುವ ಇನ್ನೊಂದು ಜೀನಿನ ಮಾನವ ಬಂಧುವೇ ಫಾಕ್ಸೋ-3. ಅದರ ಒಂದು ರೂಪ ಹವಾಯಿಯ ಜಪಾನೀ ಮೂಲದ ದೀರ್ಘಾಯುಷಿ ಗಂಡಸರಲ್ಲಿ ಹೆಚ್ಚಾಗಿರುವುದು 2008ರಲ್ಲಿ ಕಂಡುಬಂತು. ಹುಳುವಿನಲ್ಲಿ ಆಯಸ್ಸು ದ್ವಿಗುಣವಾಯಿತೆಂದು ಮನುಷ್ಯನಲ್ಲೂ ಹಾಗಾಗುವುದಿಲ್ಲ. ಮನುಷ್ಯರಲ್ಲಿ ಈ ರೂಪಗಳ ಪರಿಣಾಮ ಚಿಕ್ಕದು. ಒಂದು ಜೀನು ಕೆಟ್ಟು ಮುಪ್ಪನ್ನು ಬೇಗ ತರಬಲ್ಲದು: ಎಲ್‌ಎಂಎನ್‌ಎ ಎಂಬ ಜೀನಿನ ದೋಷದಿಂದ ಬರುವ ಪ್ರೊಜೇರಿಯಾದಲ್ಲಿ ಮಕ್ಕಳ ರಕ್ತನಾಳಗಳು ಹದಿವಯಸ್ಸಿನಲ್ಲಿಯೇ ಮುದುಕರ ರಕ್ತನಾಳಗಳಂತಾಗುತ್ತವೆ. ಮುಪ್ಪನ್ನು ತಡೆದು ನಿಲ್ಲಿಸುವ ಒಂಟಿ ಜೀನು ಮಾತ್ರ ಮನುಷ್ಯರಲ್ಲಿ ಸಿಕ್ಕಿಲ್ಲ.

ಈ ವಿಷಯದಲ್ಲಿ ನನ್ನನ್ನು ಅತ್ಯಂತ ಹಿಡಿದಿಟ್ಟ ಪ್ರಶ್ನೆ ಬೇರೆ. ಮುಪ್ಪಿನಲ್ಲಿ ಕಾಡುವ ಕೆಟ್ಟ ಜೀನುಗಳನ್ನು ನಿಸರ್ಗ ಲಕ್ಷಾಂತರ ವರ್ಷಗಳಲ್ಲಿ ಏಕೆ ತೊಡೆದುಹಾಕಲಿಲ್ಲ? ಇದಕ್ಕೆ ಉತ್ತರವನ್ನು ಪೀಟರ್ ಮೆಡಾವರ್ 1952ರಲ್ಲಿ ಕೊಟ್ಟರು. ಬಾಲ್ಯದಲ್ಲಿ ಕೊಲ್ಲುವ ಜೀನು ಮುಂದಿನ ತಲೆಮಾರಿಗೆ ದಾಟುವ ಮೊದಲೇ ಮಗುವಿನೊಡನೆ ಅಳಿಯುತ್ತದೆ. ಐವತ್ತು ದಾಟಿದ ಮೇಲೆ ತೊಂದರೆ ಕೊಡುವ ಜೀನು, ಆ ವ್ಯಕ್ತಿ ಹಡೆದು ಮಕ್ಕಳನ್ನು ಬೆಳೆಸಿ ಮುಗಿದ ಮೇಲೆ ತನ್ನ ಕೆಲಸ ಆರಂಭಿಸುವುದರಿಂದ ನೈಸರ್ಗಿಕ ಆಯ್ಕೆಯ ಕಣ್ಣಿಗೆ ಬೀಳುವುದೇ ಇಲ್ಲ. ಇದಕ್ಕೆ ಉದಾಹರಣೆಯನ್ನು ಹುಡುಕಿಕೊಂಡು ಹೊರದೇಶಕ್ಕೆ ಹೋಗಬೇಕಾಗಿಲ್ಲ. ಹೃದಯದ ಸ್ನಾಯುವಿನ ಒಂದು ಪ್ರೋಟೀನನ್ನು ರೂಪಿಸುವ ಎಂವೈಬಿಪಿಸಿ-3 ಎಂಬ ಜೀನಿನಲ್ಲಿ ಡಿಎನ್‌ಎ ಲಿಪಿಯ 25 ಅಕ್ಷರಗಳು ಬಿಟ್ಟುಹೋಗಿರುವ ಒಂದು ರೂಪ ದಕ್ಷಿಣ ಏಷ್ಯಾದವರಲ್ಲಿ ಸುಮಾರು ಶೇಕಡಾ 4ರಷ್ಟು ಮಂದಿಯಲ್ಲಿದೆ. ಹೈದರಾಬಾದಿನ ಸಿಸಿಎಂಬಿ (ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ) ಸಂಸ್ಥೆಯ ಕುಮಾರಸಾಮಿ ತಂಗರಾಜ್ ಮತ್ತು ಸಂಗಡಿಗರು 2009ರಲ್ಲಿ ಇದನ್ನು ಹೃದಯ ವೈಫಲ್ಯದ ಏಳು ಪಟ್ಟು ಹೆಚ್ಚಿನ ಅಪಾಯಕ್ಕೆ ಜೋಡಿಸಿ ವರದಿ ಮಾಡಿದರು. ಇದನ್ನು ಹೊತ್ತ ಯುವಕ ಹೊಲ ಊಳುತ್ತಾನೆ, ಕುಸ್ತಿ ಆಡುತ್ತಾನೆ. ತೊಂದರೆ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ನಡುವಯಸ್ಸು ದಾಟಿದ ಮೇಲೆ. ಆ ದೋಷ ಹುಟ್ಟಿಕೊಂಡು ಸುಮಾರು 30 ಸಾವಿರ ವರ್ಷಗಳಾಗಿವೆ ಎಂದು ಅವರ ಅಂದಾಜು. ಜನ 35, 40ಕ್ಕೆ ಜ್ವರ, ಬರ, ಹೆರಿಗೆಗಳಿಂದ ಸಾಯುತ್ತಿದ್ದ ಕಾಲದಲ್ಲಿ ಅದು ಯಾರಿಗೂ ಗೊತ್ತಾಗದಂತೆ ಉಳಿದು ಬಂತು. ನಾವು 70ರವರೆಗೆ ಬದುಕಲು ಕಲಿತ ಮೇಲೆ ಅದರ ಬಾಕಿ ವಸೂಲಿ ಆರಂಭವಾಯಿತು.

ಜೀನಿನ ಲಿಪಿ ಒಂದೇ ಇದ್ದರೂ ಅದು ಓದಿಸಿಕೊಳ್ಳುವ ಬಗೆ ತಾಯಿಯ ಗರ್ಭದಲ್ಲಿಯೇ ಬದಲಾಗಬಹುದು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ, ಹಾಲೆಂಡ್ ಹಸಿವಿನಿಂದ ನರಳಿತು. ಆಗ ಗರ್ಭದ ಮೊದಲ ತಿಂಗಳುಗಳಲ್ಲಿದ್ದವರನ್ನು ಆರು ದಶಕಗಳ ನಂತರ ಪರೀಕ್ಷಿಸಿದಾಗ, ಬೆಳವಣಿಗೆಗೆ ಸಂಬಂಧಿಸಿದ ಒಂದು ಜೀನಿನ ಮೇಲಿನ ರಾಸಾಯನಿಕ ಗುರುತುಗಳು ಅವರ ಒಡಹುಟ್ಟಿದವರಲ್ಲಿ ಇದ್ದುದಕ್ಕಿಂತ ಕಡಿಮೆಯಿದ್ದವು. ನಮ್ಮ ರಾಜ್ಯದಲ್ಲಿಯೇ ಇಂತಹ ಮಹತ್ವದ ಕೆಲಸವಾಗಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕವನ್ನು ಬರೆದಿಟ್ಟಿದ್ದರು. ಆ ಕಡತಗಳಿಂದ 517 ಮಂದಿಯನ್ನು ಅವರ ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದಾಗ, ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇಕಡಾ 11ರಷ್ಟು ಮಂದಿಗೆ ಹೃದಯದ ರಕ್ತನಾಳಗಳ ಕಾಯಿಲೆ ಇತ್ತು. ಮೂರು ಕಿಲೋ ಮೀರಿ ಹುಟ್ಟಿದವರಲ್ಲಿ ಅದು ಶೇಕಡಾ 3. 1876ರಿಂದ 78ರ ಮಹಾಬರದಲ್ಲಿ ಮುಂಬೈ ಪ್ರಾಂತ್ಯದ ಅತಿ ಹೆಚ್ಚು ನರಳಿದ ಭಾಗಗಳಲ್ಲಿ ನಮ್ಮ ಅಂದಿನ ಕಲಾದಗಿ ಜಿಲ್ಲೆಯೂ ಒಂದು. ಇಂದಿಗೂ ಕಬ್ಬು ಕಡಿಯಲು ವಲಸೆ ಹೋಗುವ ಬಸುರಿಯರ ಊಟದ ಬಗ್ಗೆ ಮಾತನಾಡುವಾಗ, ನಾವು 50 ವರ್ಷಗಳ ನಂತರದ ಹೃದ್ರೋಗಿಗಳ ಬಗ್ಗೆ ಮಾತನಾಡುತ್ತಿದ್ದೇವೆ ಎಂಬ ಎಚ್ಚರ ಆಡಳಿತಕ್ಕೂ ನಮಗೂ ಇರಬೇಕು.

ಕೆಟ್ಟ ಜೀನು ಬಂದಿದ್ದರೆ ಮಾಡುವುದೇನು ಎಂಬ ಪ್ರಶ್ನೆಗೆ 2016ರಲ್ಲಿ ಅಮಿತ್ ಖೇರಾ, ಶೇಖರ್ ಕತಿರೇಶನ್ ಮತ್ತು ಸಂಗಡಿಗರ ಅಧ್ಯಯನ ಅತ್ಯಂತ ಸ್ಪಷ್ಟವಾದ ಉತ್ತರವನ್ನು ಕೊಟ್ಟಿದೆ. 55,685 ಮಂದಿಯಲ್ಲಿ ಹೃದ್ರೋಗದ ಅಪಾಯವನ್ನು ತರುವ ಹತ್ತಾರು ಜೀನು ರೂಪಗಳನ್ನು ಎಣಿಸಿ ನೋಡಿದಾಗ, ಜೀನುಗಳ ಅಪಾಯ ಹೆಚ್ಚಿದ್ದವರಿಗೆ ಕಡಿಮೆಯಿದ್ದವರಿಗಿಂತ ಶೇಕಡಾ 91ರಷ್ಟು ಹೆಚ್ಚು ಹೃದ್ರೋಗ ಬಂತು. ಅದೇ ಹೆಚ್ಚಿನ ಅಪಾಯದ ಗುಂಪಿನಲ್ಲಿ, ಧೂಮಪಾನ ಮಾಡದಿರುವುದು, ಬೊಜ್ಜು ಇಲ್ಲದಿರುವುದು, ನಿಯಮಿತ ವ್ಯಾಯಾಮ, ಒಳ್ಳೆಯ ಆಹಾರ ಎಂಬ ನಾಲ್ಕರಲ್ಲಿ ಮೂರನ್ನಾದರೂ ಪಾಲಿಸಿದವರ ಅಪಾಯ ಪಾಲಿಸದವರಿಗಿಂತ ಶೇಕಡಾ 46ರಷ್ಟು ಕಡಿಮೆಯಿತ್ತು. ತಂದೆಯಿಂದ ಬಂದ ಭಾರದ ದೊಡ್ಡ ಭಾಗವನ್ನು ನಾಲ್ಕು ಸಾಮಾನ್ಯ ಅಭ್ಯಾಸಗಳು ಇಳಿಸಬಲ್ಲವು. ನಿಪ್ಪಾಣಿಯ ತಂಬಾಕು ಮತ್ತು ಬೀಡಿಯ ವ್ಯಾಪಾರ ನಮ್ಮ ನೆರೆಯಲ್ಲಿಯೇ ಇರುವುದರಿಂದ ಧೂಮಪಾನದ ಲೆಕ್ಕವನ್ನಷ್ಟು ಬಿಡಿಸಿ ಹೇಳುತ್ತೇನೆ. ರಿಚರ್ಡ್ ಡಾಲ್ ಅವರು ಬ್ರಿಟನ್ನಿನ 34,439 ವೈದ್ಯರನ್ನು 50 ವರ್ಷ ಹಿಂಬಾಲಿಸಿ, ಸಿಗರೇಟು ಬಿಡದವರು ಸರಾಸರಿ 10 ವರ್ಷ ಕಳೆದುಕೊಂಡರೆಂದು 2004ರಲ್ಲಿ ತೋರಿಸಿದರು. 30ಕ್ಕೆ ಬಿಟ್ಟವರು ಆ ಹತ್ತನ್ನೂ ಉಳಿಸಿಕೊಂಡರು, 40ಕ್ಕೆ ಬಿಟ್ಟವರು 9, 50ಕ್ಕೆ 6, 60ಕ್ಕೆ ಬಿಟ್ಟವರೂ 3 ವರ್ಷ ಗಳಿಸಿದರು.

ಇನ್ನು ನಿಮ್ಮ ವಂಶದ ವಿಷಯ ನಿಮ್ಮ ವೈದ್ಯರಿಗೆ ಉಪಯೋಗವಾಗುವುದು ಹೇಗೆ ಎಂಬುದನ್ನು ನೋಡೋಣ. ‘ತಂದೆ ಯಾವ ಕಾಯಿಲೆಯಿಂದ ತೀರಿಕೊಂಡರು?’ ಎಂದು ಕೇಳಿದರೆ ‘ವಯಸ್ಸಾಗಿತ್ತು, ಹೋದರು’ ಎಂಬ ಉತ್ತರ ಬರುತ್ತದೆ. ಎಷ್ಟು ವಯಸ್ಸು ಎಂದರೆ ಐವತ್ತರ ಒಳಗೆ. ಒಮ್ಮೆ ಬನಹಟ್ಟಿಯ ಕಡೆಯಿಂದ ನೇಕಾರರೊಬ್ಬರು ಮೊಣಕಾಲು ನೋವಿಗೆಂದು ನನ್ನಲ್ಲಿಗೆ ಬಂದಿದ್ದರು. ಅವರ ಕಣ್ಣುರೆಪ್ಪೆಗಳ ಒಳಮೂಲೆಯಲ್ಲಿ ಹಳದಿ ಗಂಟುಗಳಿದ್ದವು, ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹೆಬ್ಬೆರಳಿನ ಗಾತ್ರಕ್ಕೆ ದಪ್ಪವಾಗಿತ್ತು. ಚೀಟಿಯ ಹಿಂಬದಿಯಲ್ಲಿ ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಹಾಕಿ ವಂಶವೃಕ್ಷವನ್ನು ಬರೆಯುತ್ತ ಹೋದಾಗ, ತಂದೆ ‘ಎದಿ ಹಿಡಿದು’ ಮಗ್ಗದ ಮೇಲೆಯೇ ಕುಸಿದದ್ದು, ಕಾಕಾ ಅದೇ ವಯಸ್ಸಿನಲ್ಲಿ ಹೊಲದಲ್ಲಿ ಬಿದ್ದದ್ದು ಒಂದೊಂದಾಗಿ ಹೊರಬಂದವು. ಮನೆಯವರು ಅದನ್ನು ಯಾರದೋ ಶಾಪವೆಂದು ನಂಬಿದ್ದರು. ಅದು ವಂಶಪಾರಂಪರ್ಯವಾಗಿ ಕೊಲೆಸ್ಟರಾಲ್ ಏರುವ ಕಾಯಿಲೆ. ಸುಮಾರು 250 ಮಂದಿಯಲ್ಲಿ ಒಬ್ಬರಿಗೆ ಇರುತ್ತದೆ, ಪ್ರತಿ ಮಗುವಿಗೂ ದಾಟುವ ಸಾಧ್ಯತೆ ಅರ್ಧದಷ್ಟು. ಅಣ್ಣತಮ್ಮಂದಿರು ತಂದೆಯ ಆಸ್ತಿಯನ್ನು ಪಾಲು ಮಾಡಿಕೊಂಡಾಗ ಒಬ್ಬನಿಗೆ ಕರಿಮಣ್ಣಿನ ಹೊಲ, ಇನ್ನೊಬ್ಬನಿಗೆ ಕಲ್ಲುಭೂಮಿ ಚೀಟಿಯಲ್ಲಿ ಬರುವಂತೆ, ಒಂದೇ ತಾಯಿಯ ಮಕ್ಕಳಿಗೂ ಬೇರೆ ಬೇರೆ ಜೀನುಗಳು ಬರುತ್ತವೆ. ಆದ್ದರಿಂದ ಒಬ್ಬ ಮಗನ ಪರೀಕ್ಷೆ ಮಾಡಿ ಬಿಡುವಂತಿಲ್ಲ, ಎಲ್ಲರನ್ನೂ ನೋಡಬೇಕು. ಅವರ ತಮ್ಮನಲ್ಲಿಯೂ ಮಗಳಲ್ಲಿಯೂ ಅದೇ ದೋಷ ಕಂಡಿತು. ಪ್ರತಿದಿನ ಕೊಲೆಸ್ಟರಾಲ್ ಇಳಿಸುವ ಒಂದು ಸ್ಟ್ಯಾಟಿನ್ ಮಾತ್ರೆಯಿಂದ ಆರಂಭವಾಗುವ ಚಿಕಿತ್ಸೆ ಇದಕ್ಕಿದೆ.

ಹಾಗಾಗಿ ನಿಮ್ಮ ಮನೆಯಲ್ಲಿ ಒಂದು ಹಾಳೆಯನ್ನು ಸಿದ್ಧಮಾಡಿ. ಅಜ್ಜ-ಅಜ್ಜಿ, ತಂದೆ-ತಾಯಿ, ಅವರ ಒಡಹುಟ್ಟಿದವರು, ನಿಮ್ಮ ಒಡಹುಟ್ಟಿದವರು ಯಾವ ಕಾಯಿಲೆಯಿಂದ ಬಳಲಿದರು ಎಂಬುದಕ್ಕಿಂತಲೂ, ಅದು ಯಾವ ವಯಸ್ಸಿನಲ್ಲಿ ಆರಂಭವಾಯಿತು ಎಂಬುದನ್ನು ಬರೆಯಿರಿ. 80ಕ್ಕೆ ಬಂದ ಹೃದಯಾಘಾತ ವಂಶದ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ತಂದೆಗೋ ಸೋದರನಿಗೋ 55ರ ಒಳಗೆ, ತಾಯಿಗೋ ಸೋದರಿಗೋ 65ರ ಒಳಗೆ ಬಂದಿದ್ದರೆ ವೈದ್ಯರು ಅದನ್ನು ಗಂಭೀರವಾಗಿ ಪರಿಗಣಿಸುತ್ತಾರೆ. ‘ಲಕ್ವಾ ಹೊಡೀತು’, ‘ಸಕ್ಕರಿ ಕಾಯಿಲೆ ಇತ್ತು’ ಎಂದು ನೀವು ಆಡುವ ಮಾತಿನಲ್ಲಿಯೇ ಬರೆದರೂ ಸಾಕು. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಮನೆ ಮುಳುಗಿ ಇಲ್ಲಿಗೆ ಬಂದ ಕುಟುಂಬಗಳಲ್ಲಿ ಹಳೆಯ ಕಾಗದಪತ್ರಗಳು ಉಳಿದಿರದೆ ಹೋಗಬಹುದು, ಆದರೆ ಈ ಮಾಹಿತಿ ನಿಮ್ಮ ನೆನಪಿನಲ್ಲಿದೆ. ನಿಮ್ಮ ನಂತರ ಅದನ್ನು ಹೇಳುವವರು ಯಾರೂ ಇರುವುದಿಲ್ಲ.

ಜೊಲ್ಲು ಕಳಿಸಿದರೆ ಆಯಸ್ಸನ್ನು ಹೇಳುತ್ತೇವೆಂಬ ಜೀನು ಪರೀಕ್ಷೆಗಳನ್ನು ಮಾಡಿಸಬಹುದೇ ಎಂದು ವಿದ್ಯಾರ್ಥಿಯೊಬ್ಬರು ಚೀಟಿ ಕಳಿಸಿದ್ದಾರೆ. ನನ್ನ ಉತ್ತರ ಬೇಡ ಎಂಬುದು. ಅವುಗಳ ಹಿಂದಿರುವ ಅಂಕಿಗಳಲ್ಲಿ ಬಹುಪಾಲು ಯುರೋಪ್ ಮೂಲದವರಿಂದ ಬಂದದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆ 10,000 ಭಾರತೀಯರ ಜೀನು ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟಿದೆ. ನಮ್ಮ ಜನರಿಗೆ ಹೊಂದುವ ಉತ್ತರಗಳು ಅಲ್ಲಿಂದ ಬರಬೇಕು. ಅಲ್ಲಿಯವರೆಗೆ, ಎದೆನೋವಿನ ಮನೆತನದವರು ರಕ್ತದೊತ್ತಡ, ಸಕ್ಕರೆ, ಎಲ್‌ಡಿಎಲ್ ಕೊಲೆಸ್ಟರಾಲ್‌ಗಳ ಜೊತೆಗೆ ಲೈಪೋಪ್ರೋಟೀನ್-ಎ ಎಂಬ ರಕ್ತಪರೀಕ್ಷೆಯನ್ನು ಜೀವನದಲ್ಲಿ ಒಂದು ಸಲ ಮಾಡಿಸಿಕೊಳ್ಳಿ. ಅದರ ಮಟ್ಟವನ್ನು ನಿರ್ಧರಿಸುವುದು ಬಹುಪಾಲು ಒಂದೇ ಒಂದು ಜೀನು. ಊಟ, ವ್ಯಾಯಾಮಗಳಿಂದ ಅದು ಹೆಚ್ಚು ಬದಲಾಗುವುದಿಲ್ಲವಾದ್ದರಿಂದ ಮತ್ತೆ ಮತ್ತೆ ನೋಡುವ ಅಗತ್ಯವೂ ಸಾಮಾನ್ಯವಾಗಿ ಇರುವುದಿಲ್ಲ. ಅದು ಹೆಚ್ಚಿದ್ದರೆ ಉಳಿದ ಮೂರನ್ನು ಇತರರಿಗಿಂತ ಬಿಗಿಯಾಗಿ ಹತೋಟಿಯಲ್ಲಿಡಬೇಕು, ಮತ್ತು ಮಕ್ಕಳಿಗೂ ಅದೇ ಪರೀಕ್ಷೆಯನ್ನು ಮಾಡಿಸಬೇಕು.